ಹಳೆಯ ಫೋಟೋ: ಕಾಗದದ ಕಲೆ, ಮುಖದ ಕಲೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



"ಕಂಪ್ಯೂಟರಿನ ಬಗ್ಗೆ ಜನರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಹೇಳು" ಎಂದು ಸಮಿತಿಯವರು ಹೇಳಿದ್ದಾರೆ. ನನ್ನ ಕಚೇರಿ ಕೆಲಸದ ವಿಷಯ ತೆಗೆದರೆ ಊಟದ ಗಂಟೆಗೆ ಮೊದಲೇ ನಿಮಗೆಲ್ಲ ನಿದ್ದೆ ಬರುತ್ತದೆ. ಹಾಗಾಗಿ ನಿಮ್ಮ ಮನೆಯ ಅಟ್ಟದಲ್ಲೋ, ಟ್ರಂಕಿನಲ್ಲೋ ಇರುವ ಹಳೆಯ ಫೋಟೋಗಳ ಬಗ್ಗೆ ಮಾತಾಡುತ್ತೇನೆ. ಅವನ್ನು ಕಂಪ್ಯೂಟರಿಗೆ ಏರಿಸಿ ಸರಿಪಡಿಸುವುದು ಹೇಗೆ, ಎಲ್ಲಿ ಕೈ ತಡೆಯಬೇಕು ಎಂಬುದಷ್ಟೇ ಇವತ್ತಿನ ವಿಷಯ.

ನಮ್ಮದು ಮಲೆನಾಡು. ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫೋಟೋ ಉಳಿದೀತೇ? ಫೋಟೋ ಕಾಗದದ ಮೇಲ್ಪದರ ಜೆಲಟಿನ್. ಅದು ಬೂಷ್ಟಿಗೆ ಒಳ್ಳೆಯ ಆಹಾರ. ತೇವ ಹೀರಿದರೆ ಅದೇ ಅಂಟಾಗಿ ಗಾಜಿಗೆ ಹತ್ತಿಕೊಳ್ಳುತ್ತದೆ. ಕಪ್ಪು ಬಿಳುಪಿನ ಚಿತ್ರ ಬೆಳ್ಳಿಯಿಂದ ಆದದ್ದು; ಅದು ಹಳದಿಗೆ ತಿರುಗಿದರೂ ಎಷ್ಟೋ ದಶಕ ತಾಳುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಕಲರ್ ಫೋಟೋಗಳ ಗತಿ ಅದಕ್ಕಿಂತ ಕಷ್ಟ. ಅವುಗಳಲ್ಲಿರುವ ಬಣ್ಣಗಳಲ್ಲಿ ನೀಲಿ ಹಸಿರಿನದು ಪೆಟ್ಟಿಗೆಯ ಕತ್ತಲಲ್ಲಿದ್ದರೂ ಬೇಗ ಮಾಸುತ್ತದೆ. ಅದಕ್ಕೇ ಅಪ್ಪ ಅಮ್ಮನ ಮದುವೆ ಆಲ್ಬಮ್ಮಿನಲ್ಲಿ ಎಲ್ಲರೂ ಕೆಂಪಗೆ ಕಾಣುತ್ತಾರೆ.

ಮೊದಲು ಸ್ಕ್ಯಾನ್. ಫೋಟೋವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮೆತ್ತನೆಯ ಬ್ರಶ್ಶಿನಿಂದ ದೂಳು ಹಾರಿಸಿದರೆ ಸಾಕು. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಸುಲಭವಾಗಿ ಏಳದಿದ್ದರೆ ಹಾಳೆಯ ಸಮೇತ ಸ್ಕ್ಯಾನರಿನ ಮೇಲೆ ಇಡಿ. ಗಾಜಿಗೆ ಅಂಟಿದ್ದನ್ನು ಕೀಳಲೇಬಾರದು. ಗಾಜಿನ ಹೊರಗಿನ ಕುಂಕುಮ, ಊದುಬತ್ತಿಯ ಹೊಗೆ ಒರೆಸಿ, ಕಿಟಕಿಯ ಬೆಳಕಿನಲ್ಲಿ, ನೇರ ಬಿಸಿಲು ಬೀಳದ ಕಡೆ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ. ಎದುರಿಗೆ ಒಂದು ಕಪ್ಪು ಬಟ್ಟೆ ಹಿಡಿದರೆ ಗಾಜಿನಲ್ಲಿ ನಿಮ್ಮ ಮುಖ ಕಾಣುವುದಿಲ್ಲ.

ಸ್ಕ್ಯಾನರ್ ಇದ್ದರೆ 600 ಡಿ.ಪಿ.ಐ. ಇಡಿ. ಅಂದರೆ ಒಂದು ಅಂಗುಲದ ಉದ್ದಕ್ಕೆ 600 ಚುಕ್ಕೆ. 6 ಅಂಗುಲ ಉದ್ದ, 4 ಅಂಗುಲ ಅಗಲದ ಫೋಟೋ ಹೀಗೆ 3600ಕ್ಕೆ 2400, ಅಂದರೆ ಸುಮಾರು 86 ಲಕ್ಷ ಚುಕ್ಕೆಗಳಾಗುತ್ತದೆ. ಟಿಫ್ ರೂಪದಲ್ಲಿ ಇಟ್ಟರೆ 26 ಎಂ.ಬಿ.ಯ ಆಸುಪಾಸು. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೋ ಆದರೆ 1200 ಇಡಿ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ಯಾರದೋ ಕೈಬರಹ, ತಾರೀಕು ಇರುವುದು ಅಲ್ಲೇ. ಇನ್ನೊಂದು ಮಾತು. ಫೋಟೋ ಕಪ್ಪು ಬಿಳುಪಿನದೇ ಆದರೂ ಸ್ಕ್ಯಾನ್ ಮಾತ್ರ ಕಲರಿನಲ್ಲೇ ಆಗಲಿ. ಯಾಕೆಂದು ಆಮೇಲೆ ಹೇಳುತ್ತೇನೆ.

ಇನ್ನು ತಿದ್ದುವ ತಂತ್ರಾಂಶ. ಫೋಟೋಶಾಪ್ ಹೆಸರು ಎಲ್ಲರಿಗೂ ಗೊತ್ತು, ಅದಕ್ಕೆ ದುಡ್ಡು ಕೊಡಬೇಕು. ದುಡ್ಡಿಲ್ಲದೆ ಸಿಗುವುದು ಗಿಂಪ್. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಬರೆಯಲು ಶುರು ಮಾಡಿದರು. 1996ರಲ್ಲಿ ಜನರ ಕೈಗೆ ಬಂತು. ಇಂದಿಗೂ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ತೆರೆದ ಕೂಡಲೇ ಕಾಣುವ ಹತ್ತಾರು ಗುಂಡಿಗಳನ್ನು ನೋಡಿ ಹೆದರಬೇಡಿ. ನಮ್ಮ ಕೆಲಸಕ್ಕೆ ಬೇಕಾದ್ದು ನಾಲ್ಕೋ ಐದೋ.

ಫೋಟೋ ತೆರೆದ ಮೇಲೆ ಮಾಡಬೇಕಾದ ಮೊದಲ ಕೆಲಸ ಡುಪ್ಲಿಕೇಟ್ ಲೇಯರ್. ಚಿತ್ರದ ಮೇಲೆ ಅದರದೇ ಪಾರದರ್ಶಕ ಹಾಳೆ ಇಟ್ಟುಕೊಂಡು ಅದರ ಮೇಲೆ ಬರೆದ ಹಾಗೆ ಇದು. ಏನು ಕೆಟ್ಟರೂ ಕೆಳಗಿನದು ಹಾಗೇ ಇರುತ್ತದೆ. ಆಮೇಲೆ ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ಅಲ್ಲಿ ಗುಡ್ಡದಂಥ ಒಂದು ನಕ್ಷೆ ಕಾಣುತ್ತದೆ. ಎಡಗಡೆ ಕಪ್ಪು, ಬಲಗಡೆ ಬಿಳುಪು. ಮಾಸಿದ ಫೋಟೋದಲ್ಲಿ ಗುಡ್ಡ ನಡುವೆ ಕುಗ್ಗಿ ಎರಡೂ ಬದಿ ಬಯಲಾಗಿರುತ್ತದೆ. ಕೆಳಗಿನ ಎರಡು ತ್ರಿಕೋನಗಳನ್ನು ಗುಡ್ಡ ಶುರುವಾಗುವ ಜಾಗಕ್ಕೆ ಎಳೆಯಿರಿ. ಚಿತ್ರ ಎದ್ದು ನಿಲ್ಲುತ್ತದೆ. ಕೆಂಪಾದ ಕಲರ್ ಫೋಟೋ ಆದರೆ ಕೆಂಪು, ಹಸಿರು, ನೀಲಿ ಮೂರು ಚಾನೆಲ್‌ಗಳಲ್ಲೂ ಬೇರೆ ಬೇರೆಯಾಗಿ ಇದನ್ನೇ ಮಾಡಿ. ಸೀರೆಯ ಹಸಿರು ವಾಪಸು ಬಂದಾಗ ಮನೆಯ ಹೆಂಗಸರ ಮುಖ ನೋಡಬೇಕು!

ಕಲರಿನಲ್ಲೇ ಸ್ಕ್ಯಾನ್ ಮಾಡಿ ಎಂದೆನಲ್ಲ, ಅದರ ಗುಟ್ಟು ಇದು. ಚಹಾ ಚೆಲ್ಲಿದ ಕಲೆ, ಹಳದಿ ಕಲೆ ನೀಲಿ ಬೆಳಕನ್ನು ನುಂಗುತ್ತವೆ, ಕೆಂಪನ್ನು ಹಾಗೇ ಬಿಡುತ್ತವೆ. ಹಾಗಾಗಿ ಕಲರ್ಸ್ ಮೆನುವಿನ ಕಾಂಪೊನೆಂಟ್ಸ್‌ನಲ್ಲಿ ಡೀಕಂಪೋಸ್ ಒತ್ತಿ ಮೂರು ಚಾನೆಲ್ ಬೇರೆ ಮಾಡಿದರೆ, ನೀಲಿಯಲ್ಲಿ ಕಲೆ ಕಪ್ಪಗೆ ಕಾಣುತ್ತದೆ, ಕೆಂಪಿನಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಆ ಕೆಂಪು ಚಾನೆಲನ್ನೇ ಕಪ್ಪು ಬಿಳುಪಿನ ಚಿತ್ರವಾಗಿ ಇಟ್ಟುಕೊಳ್ಳಿ. ಒಂದು ಗಂಟೆ ಕೂತು ಉಜ್ಜುವ ಕೆಲಸ ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಗೆರೆ, ಮಡಿಕೆ, ಬೂಷ್ಟಿನ ಚುಕ್ಕೆಗಳಿಗೆ ಹೀಲ್ ಎಂಬ ಸಲಕರಣೆ ಇದೆ. ಕಂಟ್ರೋಲ್ ಕೀ ಒತ್ತಿ ಪಕ್ಕದ ಒಳ್ಳೆಯ ಜಾಗ ತೋರಿಸಿ, ನಂತರ ಕಲೆಯ ಮೇಲೆ ಸವರುವುದು. ದೊಡ್ಡ ತೂತಿಗೆ ಕ್ಲೋನ್. ಎರಡೂ ಅರ್ಧ ಗಂಟೆಯಲ್ಲಿ ಕೈಗೆ ಬರುತ್ತವೆ. ಆದರೆ ಎಲ್ಲಿ ಸವರಬೇಕು, ಎಲ್ಲಿ ಸವರಬಾರದು ಎಂಬುದನ್ನು ತಂತ್ರಾಂಶ ಹೇಳುವುದಿಲ್ಲ.

ನಮ್ಮ ತಾತನ ಒಂದೇ ಒಂದು ಫೋಟೋ ಇದೆ. ಯಾರದೋ ಮದುವೆಯ ಗುಂಪಿನಿಂದ ತಲೆ ಮಾತ್ರ ಬೇರೆ ಮಾಡಿ ಸ್ಟುಡಿಯೋದವರು ದೊಡ್ಡದು ಮಾಡಿಕೊಟ್ಟದ್ದು. ನಿಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಇಂಥದ್ದು ಇದ್ದೀತು. ಅದರ ತುಂಬ ಸಣ್ಣ ಸಣ್ಣ ಚುಕ್ಕೆ. ನನ್ನ ಚಿಕ್ಕಪ್ಪನ ಮಗ ಅದನ್ನು ಮೊಬೈಲಿನ ಒಂದು ಆ್ಯಪಿಗೆ ಹಾಕಿದ. ಹತ್ತು ಸೆಕೆಂಡಿನಲ್ಲಿ ಮುಖ ನುಣುಪಾಗಿ, ಕಣ್ಣು ಹೊಳೆಯುತ್ತಾ ಬಂತು. ಎಂಬತ್ತು ದಾಟಿದ ದೊಡ್ಡಮ್ಮನಿಗೆ ತೋರಿಸಿದೆವು. ಕನ್ನಡಕ ಏರಿಸಿ ನೋಡಿದರು. "ಚೆಂದ ಇದ್ದಾನೆ. ಯಾರಿದು?" ಎಂದರು.

ತಾತನ ಮುಖದಲ್ಲಿ ಸಿಡುಬಿನ ಗುರುತುಗಳಿದ್ದವು. ದೊಡ್ಡಮ್ಮನಿಗೆ ಅಪ್ಪಯ್ಯ ಅಂದರೆ ಆ ಮುಖ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯ ಮೇಲೆ ಇಲ್ಲವಾಯಿತೆಂದು ಸಾರಿತು. ಇಲ್ಲಿರುವ ಮಕ್ಕಳು ಅಂಥ ಮುಖ ನೋಡಿರುವುದೇ ಅಪರೂಪ. ಆ ಆ್ಯಪ್ ಕೂಡ ಕಲಿತದ್ದು ಈ ಕಾಲದ ಮುಖಗಳಿಂದಲೇ. ಹಳೆಯ ಚಿತ್ರದಲ್ಲಿ ಕಣ್ಣಿನ ಜಾಗಕ್ಕೆ ಹತ್ತು ಚುಕ್ಕೆ ಮಾತ್ರ ಇದ್ದರೆ ನಿಜವಾದ ಕಣ್ಣು ಅದಕ್ಕೆ ಎಲ್ಲಿಂದ ಸಿಗಬೇಕು? ತಾನು ನೋಡಿದ ಸಾವಿರಾರು ಕಣ್ಣುಗಳ ಅಂದಾಜಿನಲ್ಲಿ ಒಂದನ್ನು ಬರೆಯುತ್ತದೆ. ಇದೇ ಉದ್ಯೋಗದಲ್ಲಿರುವವನಾಗಿ ಹೇಳುತ್ತೇನೆ, ಅದು ರಿಪೇರಿ ಅಲ್ಲ, ಊಹೆ. ಹಿಂದೆಯೂ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ತಿದ್ದುತ್ತಿದ್ದರು, ನಿಜ. ಆದರೆ ಅವರ ಎದುರಿಗೆ ಆ ಮನುಷ್ಯ ಕೂತಿರುತ್ತಿದ್ದ.

ಆಮೇಲೆ ಆ ಫೋಟೋವನ್ನು ಗಿಂಪ್‌ನಲ್ಲಿ ತೆರೆದು ದೊಡ್ಡಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡೆ. ದೊಡ್ಡದು ಮಾಡಿ ಒಂದೊಂದೇ ಚುಕ್ಕೆ ತೋರಿಸಿದೆ. "ಇದು ಬೂಷ್ಟು, ತೆಗಿ. ಅದು ಬೇಡ, ಅದು ಅಪ್ಪಯ್ಯನದು" ಎನ್ನುತ್ತಾ ಹೋದರು. ಮೂರು ಮಧ್ಯಾಹ್ನ ಹಿಡಿಯಿತು. ನಡುನಡುವೆ ತಾತ ಅಡಿಕೆ ಮಾರಿ ಬರುವಾಗ ಏನು ತರುತ್ತಿದ್ದರು, ಯಾರ ಮೇಲೆ ಮುನಿಸಿತ್ತು ಎಲ್ಲ ಬಂತು. ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿಟ್ಟಿದ್ದೇನೆ.

ಉಳಿಸುವ ವಿಷಯ ಚುಟುಕಾಗಿ ಮುಗಿಸುತ್ತೇನೆ. ತಿದ್ದದ ಮೂಲ ಸ್ಕ್ಯಾನ್ ಬೇರೆಯಾಗಿ ಟಿಫ್‌ನಲ್ಲೇ ಇರಲಿ, ಅದನ್ನು ಯಾರೂ ಮುಟ್ಟಬಾರದು. ಜೆಪೆಗ್ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸವೆಯುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಒಂದು ಪ್ರತಿ ಮನೆಯಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಹತ್ತಿರ. ಫೈಲಿಗೆ ವರ್ಷ, ಊರು, ಇರುವವರ ಹೆಸರು ಇಡಿ. ಸ್ಕ್ಯಾನ್ ಆಯಿತೆಂದು ಮೂಲ ಫೋಟೋವನ್ನೂ ನೆಗೆಟಿವನ್ನೂ ಗುಜರಿಗೆ ಹಾಕಬೇಡಿ, ದಯವಿಟ್ಟು.

ಕಡೆಯದಾಗಿ ನಮ್ಮ ಶಾಲೆಯ ಕೆಲಸ. ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಮೊದಲ ಎಸ್.ಎಸ್.ಎಲ್.ಸಿ. ತಂಡದ ಗ್ರೂಪ್ ಫೋಟೋ ಇದೆ. ಕೆಳಗೆ ಹೆಸರು ಅಂಟಿಸಿದ್ದ ಪಟ್ಟಿಯನ್ನು ಗೆದ್ದಲು ತಿಂದಿದೆ. ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದ್ದೇವೆ, ಹೊರಗೆ ಜಗಲಿಯಲ್ಲಿ ತೂಗು ಹಾಕಿದೆ. ಒಟ್ಟು 38 ಜನ, ಈವರೆಗೆ 27 ಹೆಸರು ಸಿಕ್ಕಿವೆ. ಹಿಂದಿನ ಸಾಲಿನ ಬಲತುದಿಯಲ್ಲಿ ಗಂಟೆ ಹಿಡಿದು ನಿಂತವರು ಆಗಿನ ಜವಾನರಿರಬೇಕು, ಅವರ ಹೆಸರೂ ಗೊತ್ತಾಗಿಲ್ಲ. ಪಕ್ಕದಲ್ಲೇ ಪೆನ್ಸಿಲ್ಲು, ನಂಬರು ಹಾಕಿದ ಹಾಳೆ ಇಟ್ಟಿದ್ದೇವೆ. ಆ ತಂಡದವರು ಐದಾರು ಜನ ಇವತ್ತು ಬಂದಿದ್ದಾರೆಂದು ಕೇಳಿದೆ. ಊಟಕ್ಕೆ ಹೋಗುವ ಮೊದಲು ಒಮ್ಮೆ ಜಗಲಿಗೆ ಬನ್ನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಕೊಠಡಿಯಲ್ಲಿ ಎರಡು ಸ್ಕ್ಯಾನರ್ ಇರುತ್ತವೆ. ಮನೆಯ ಫೋಟೋ ತರುವವರು ಅದರಲ್ಲಿರುವವರನ್ನು ಗುರುತು ಹಿಡಿಯಬಲ್ಲ ಹಿರಿಯರೊಬ್ಬರನ್ನೂ ಕರೆದುಕೊಂಡು ಬನ್ನಿ.