ಪಟ್ಟಿಗೆ ಹೊಂದುವ ಸಂಗಾತಿ ಮತ್ತು ಮನೆ ತುಂಬಿದ ಒಂಟಿತನ

(ಮಂಡ್ಯದ ಕೌಟುಂಬಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವಿವಾಹದ ಕುರಿತು ಮಾತನಾಡುವವರು ಸಾಮಾನ್ಯವಾಗಿ ವರದಕ್ಷಿಣೆಯಿಂದ ಆರಂಭಿಸಿ ಶಾದಿ ಮಹಲ್‌ನ ದುಂದುವೆಚ್ಚದಲ್ಲಿ ಮುಗಿಸುತ್ತಾರೆ. ನಾವು ನಮ್ಮದೇ ಜಿಲ್ಲೆಯ ಒಂದು ಪಾದಯಾತ್ರೆಯಿಂದ ಆರಂಭಿಸಲು ಬಯಸುತ್ತೇವೆ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲೂಕಿನ ಕೆ.ಎಂ.ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮೂವತ್ತು ದಾಟಿದ ಅವಿವಾಹಿತ ಯುವಕರು ನಡೆದು ಹೋದರು. ತಮಗೊಬ್ಬ ವಧು ಸಿಗಲಿ ಎಂಬುದು ಅವರ ಹರಕೆ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ದೇಶದ ಪತ್ರಿಕೆಗಳು ಅದನ್ನು ಬಣ್ಣಿಸಿದವು. ಬಹಳಷ್ಟು ಮಂದಿ ನಕ್ಕರು. ಅವರ ಆರಾಧನೆಯ ದಾರಿ ಅವರದು, ನಮ್ಮದು ನಮಗೆ. ಆದರೆ ಊರ ಮುಂದೆ ತನ್ನ ಒಂಟಿತನವನ್ನು ಬಹಿರಂಗಪಡಿಸಲು ಒಬ್ಬ ಗಂಡಸು ಎಷ್ಟು ನೊಂದಿರಬೇಕೆಂದು ಯೋಚಿಸಿದವರು ಕಡಿಮೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ನವೆಂಬರ್‌ನಲ್ಲಿ, ಆದಿಚುಂಚನಗಿರಿಯಲ್ಲಿ ನಡೆದ ಒಕ್ಕಲಿಗ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ವರರು ಬಂದರೆ ವಧುಗಳ ಸಂಖ್ಯೆ ಇನ್ನೂರೈವತ್ತರ ಆಸುಪಾಸಿನಲ್ಲಿತ್ತು.

ಹುಡುಗಿಯರಿಗೆ ಅಹಂಕಾರ ಬಂದಿದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಕಬ್ಬಿನ ಬಾಕಿ ಹಣಕ್ಕಾಗಿ ಅಪ್ಪ ಕಾರ್ಖಾನೆಗೆ ಅಲೆದದ್ದನ್ನು, ಅಮ್ಮ ಬೆಳಗಿನ ಜಾವ ಕೊಟ್ಟಿಗೆಗೆ ಎದ್ದು ಹೋದದ್ದನ್ನು ನೋಡುತ್ತಾ ಬೆಳೆದ ಮಗಳು ಅದೇ ಬದುಕು ತನಗೆ ಬೇಡವೆಂದರೆ ಅದು ಅಹಂಕಾರವಲ್ಲ, ಅನುಭವ. ಇನ್ನೊಂದು ಕಾರಣವನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. 2011ರ ಜನಗಣತಿಯ ಪ್ರಕಾರ ಈ ಜಿಲ್ಲೆಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 939 ಹೆಣ್ಣುಮಕ್ಕಳಿದ್ದರು. 1994ರಿಂದಲೇ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ ಇದೆ. ಆದರೂ 2023ರಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಜಾಲವೊಂದರ ಜಾಡು ಬಂದು ನಿಂತದ್ದು ಮಂಡ್ಯದ ಆಲೆಮನೆಯೊಂದರಲ್ಲಿ. ಬೆಲ್ಲ ಬೇಯುವ ಸ್ಥಳದಲ್ಲಿ ಸ್ಕ್ಯಾನಿಂಗ್ ಯಂತ್ರ! ಜೀವಂತ ಹೂಳಲ್ಪಟ್ಟ ಹಸುಳೆಯ ಪರವಾಗಿ ನಡೆಯಲಿರುವ ವಿಚಾರಣೆಯ ಬಗ್ಗೆ ಸೂರಃ ತಕ್ವೀರ್ ನೀಡಿದ ಎಚ್ಚರಿಕೆಯು ಅಂದಿನ ಅರಬರಿಗೆ ಸೀಮಿತವಲ್ಲ.

ರಾಜಕಾರಣಿಗಳ ಪರಿಹಾರವನ್ನೂ ಕೇಳಿದ್ದೇವೆ. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ, ರೈತರ ಮಕ್ಕಳನ್ನು ವಿವಾಹವಾಗುವ ಹೆಣ್ಣುಮಕ್ಕಳಿಗೆ ಎರಡು ಲಕ್ಷ ರೂಪಾಯಿ ಕೊಡುವುದಾಗಿ ಎಚ್.ಡಿ. ಕುಮಾರಸ್ವಾಮಿ ಘೋಷಿಸಿದರು. ಬೆಳೆಗೆ ಬೆಂಬಲ ಬೆಲೆ ಕೊಡಲಾಗದವರು ವಧುವಿಗೆ ಬೆಂಬಲ ಬೆಲೆ ನಿಗದಿಪಡಿಸಿದರು ಎನ್ನೋಣವೇ?

ಇದು ನೆರೆಮನೆಯವರ ಕಥೆ, ನಮಗೇನು ಎಂದು ಕೆಲವರು ಭಾವಿಸುತ್ತಿರಬಹುದು. ನಮ್ಮ ಮೊಹಲ್ಲಾಗಳಲ್ಲಿ ಚಿತ್ರ ಸ್ವಲ್ಪ ಬೇರೆ, ನೋವು ಅದೇ. ನಮ್ಮ ಹೆಣ್ಣುಮಕ್ಕಳು ಬಿ.ಎ., ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತಿದ್ದಾರೆ. ಗಂಡುಮಕ್ಕಳು ಹತ್ತನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜಿಗೋ ಹಣ್ಣಿನ ಮಂಡಿಗೋ ಸೇರಿದ್ದಾರೆ. ಎರಡೂ ಕಡೆಯವರ ಕೈಯಲ್ಲಿ ಒಂದೊಂದು ಪಟ್ಟಿ ಇದೆ. ಹುಡುಗನ ಪಟ್ಟಿಯಲ್ಲಿ ಮೊದಲನೆಯದು ಬಣ್ಣ, ಬಳಿಕ ಎತ್ತರ, ಬಳಿಕ ‘ಜೋಡೆಯ ಹಣ’. ಹುಡುಗಿಯ ಮನೆಯವರ ಪಟ್ಟಿಯಲ್ಲಿ ಬೆಂಗಳೂರಿನ ಕೆಲಸ ಅಥವಾ ದುಬೈನ ವೀಸಾ, ಸ್ವಂತ ಮನೆ, ಅತ್ತೆ ಇಲ್ಲದಿದ್ದರೆ ಇನ್ನೂ ಉತ್ತಮ. ಒಂದು ಪೈಗಾಮ್ ಬಂದರೆ ಇದಕ್ಕಿಂತ ಒಳ್ಳೆಯದು ಬರಬಹುದೆಂದು ಕಾಯುತ್ತಾರೆ. ಹೀಗೆ ಕಾದು ಇಪ್ಪತ್ತೆರಡು ಇಪ್ಪತ್ತೆಂಟಾಗುತ್ತದೆ, ಇಪ್ಪತ್ತೆಂಟು ಮೂವತ್ತೈದಾಗುತ್ತದೆ. ಪ್ರತಿ ಬಾರಿಯೂ ಚಹಾದ ಟ್ರೇ ಹಿಡಿದು ಅಪರಿಚಿತರ ಮುಂದೆ ನಿಂತು, ಅವರು ಬಿಸ್ಕತ್ತು ತಿಂದು ಎದ್ದು ಹೋದ ಬಳಿಕ ಒಳಗಿನ ಕೋಣೆಯ ಬಾಗಿಲು ಹಾಕಿಕೊಳ್ಳುವ ಮಗಳ ಬಗ್ಗೆ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಅವಳು ಪಾದಯಾತ್ರೆ ಹೊರಡುವಂತೆಯೂ ಇಲ್ಲ.

ಈಗ ಈ ಪಟ್ಟಿಗೆ ಮೊಬೈಲ್ ಸೇರಿದೆ. ಮೊದಲು ರಿಶ್ತಾ ತರುವ ಖಾಲಾ ಮೂರೋ ನಾಲ್ಕೋ ಮನೆಯ ಸುದ್ದಿ ತರುತ್ತಿದ್ದರು. ಇಂದು ಬೆರಳ ತುದಿಯಲ್ಲಿ ಸಾವಿರ ಮುಖಗಳು. ಆಯ್ಕೆ ಹೆಚ್ಚಾದರೆ ಆಯ್ದುಕೊಳ್ಳುವುದು ಸುಲಭವಾಗುತ್ತದೆಂದು ನಾವು ನಂಬುತ್ತೇವೆ. 2000ದಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ವಿರುದ್ಧವಾದುದನ್ನು ಕಂಡಿತು. ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರು ಹೆಚ್ಚು, ಕೊಂಡವರು ನೂರಕ್ಕೆ ಮೂರು ಮಂದಿ. ಆರೇ ಬಗೆ ಇಟ್ಟಾಗ ನೂರಕ್ಕೆ ಮೂವತ್ತು ಮಂದಿ ಕೊಂಡರು. ಮನುಷ್ಯರು ಜಾಮ್ ಅಲ್ಲ ನಿಜ. ಆದರೆ ನಾವು ಅವರನ್ನು ಹಾಗೆಯೇ ಸಾಲಾಗಿ ಜೋಡಿಸಿ ನೋಡುತ್ತಿದ್ದೇವಲ್ಲ! ನನಗಾಗಿಯೇ ಸೃಷ್ಟಿಯಾದ ಇನ್ನೊಂದು ಅರ್ಧ ಎಲ್ಲೋ ಇದೆ ಎಂಬ ಕಲ್ಪನೆ ಸಿನಿಮಾದವರದೂ ಅಲ್ಲ, ಪ್ಲೇಟೋನ ಗ್ರಂಥದಲ್ಲೇ ಬರುತ್ತದೆ. ಅಲ್ಲಿ ಅದನ್ನು ಹೇಳುವವನು ಒಬ್ಬ ಹಾಸ್ಯ ನಾಟಕಕಾರ ಎಂಬುದನ್ನು ಮರೆಯಬಾರದು.

ಹಾಗಾದರೆ ಏನನ್ನೂ ನೋಡದೆ, ಕೇಳದೆ ಒಪ್ಪಿಕೊಳ್ಳಬೇಕೇ? ಖಂಡಿತ ಅಲ್ಲ. ವಿವಾಹ ಪ್ರಸ್ತಾಪ ಮಾಡಿದ್ದ ಮುಗೀರಾ ಬಿನ್ ಶುಅಬಾ(ರ)ರಿಗೆ, ಹುಡುಗಿಯನ್ನು ಹೋಗಿ ನೋಡುವಂತೆ ಪ್ರವಾದಿವರ್ಯರು(ಸ) ಸೂಚಿಸಿದ್ದರು. ಫಾತಿಮಾ ಬಿಂತ್ ಕೈಸ್(ರ)ರ ಪ್ರಕರಣ ಇನ್ನೂ ಸ್ವಾರಸ್ಯಕರವಾಗಿದೆ. ವಿಚ್ಛೇದಿತೆಯಾಗಿದ್ದ ಆಕೆ ಇದ್ದತ್ ಮುಗಿಸಿದ ಬಳಿಕ ಮುಆವಿಯಾ ಮತ್ತು ಅಬೂ ಜಹ್ಮ್ ಇಬ್ಬರೂ ಕೇಳಿಬಂದರು. ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ) ಮುಚ್ಚುಮರೆ ಮಾಡಲಿಲ್ಲ. ಒಬ್ಬರು ಬಡವರೆಂದೂ, ಇನ್ನೊಬ್ಬರ ಹೆಗಲಿನಿಂದ ಕೋಲು ಇಳಿಯುವುದಿಲ್ಲವೆಂದೂ ತಿಳಿಸಿ, ಉಸಾಮಾ ಬಿನ್ ಝೈದ್(ರ)ರನ್ನು ಸೂಚಿಸಿದರು. ಉಸಾಮಾರ ತಂದೆ ಬಿಡುಗಡೆಗೊಂಡ ಗುಲಾಮರು, ಫಾತಿಮಾ ಕುರೈಶ್ ಮನೆತನದವರು. ಆಕೆಗೆ ಮೊದಲು ಮನಸ್ಸಿರಲಿಲ್ಲ. ಮದುವೆಯಾದ ಬಳಿಕ, ಇತರ ಹೆಂಗಸರು ಕರುಬುವಷ್ಟು ಒಳಿತನ್ನು ಕಂಡೆನೆಂದು ಆಕೆಯೇ ಹೇಳಿದ್ದಾರೆ. ಇಲ್ಲಿ ವಿಚಾರಣೆ ಇದೆ, ಹಣದ ಮಾತೂ ಇದೆ, ಹೊಡೆಯುವವನ ಬಗ್ಗೆ ನೇರ ಎಚ್ಚರಿಕೆಯೂ ಇದೆ. ಬಣ್ಣದ ಮಾತು ಮಾತ್ರ ಇಲ್ಲ. ನಮ್ಮಲ್ಲಿ ಇದೆಲ್ಲವೂ ತಿರುವುಮುರುವು. ಹುಡುಗ ಕುಡಿಯುತ್ತಾನೆಂದು ಗೊತ್ತಿದ್ದರೂ ‘ಬೇರೆಯವರ ಮನೆಯ ವಿಷಯ ನಮಗೇಕೆ’ ಎಂದು ನೆರೆಯವರು ಮೌನವಹಿಸುತ್ತಾರೆ. ಹುಡುಗಿ ಕಪ್ಪೆಂಬ ಸುದ್ದಿ ಮಾತ್ರ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿಗಿಂತ ಮೊದಲೇ ತಲುಪುತ್ತದೆ.

ವಿಚ್ಛೇದಿತೆ ಮತ್ತು ವಿಧವೆಯರ ಹೆಸರಂತೂ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಪ್ರವಾದಿವರ್ಯರ(ಸ) ಪ್ರಥಮ ಪತ್ನಿ ಖದೀಜಾ(ರ) ವಿಧವೆಯಾಗಿದ್ದರೆಂದು ನಿಕಾಹ್‌ನ ಪ್ರವಚನಗಳಲ್ಲಿ ಕೊಂಡಾಡುವ ನಾವು, ಎಳೆಯ ಪ್ರಾಯದಲ್ಲೇ ತವರಿಗೆ ಮರಳಿದ ಸಹೋದರಿಗೆ ಎರಡು ಮಕ್ಕಳ ತಂದೆಯಾದ ವೃದ್ಧನನ್ನು ತೋರಿಸಿ ‘ಇದೇ ನಿನ್ನ ನಸೀಬು’ ಎನ್ನುತ್ತೇವೆ.

ಇನ್ನು ಒಂಟಿತನದ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ನೀಡಿದ ವರದಿಯು, ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದಿದೆ. ಇದಕ್ಕೆ ನಮ್ಮಲ್ಲಿ ಒಂದೇ ಔಷಧ: ಮದುವೆ ಮಾಡಿಸಿಬಿಡಿ! ಪತಿ-ಪತ್ನಿಯರ ನಡುವೆ ನೆಮ್ಮದಿ, ಪ್ರೀತಿ, ಕರುಣೆಗಳಿರುವುದನ್ನು ಸೂರಃ ರೂಮ್ ಅಲ್ಲಾಹನ ದೃಷ್ಟಾಂತವೆಂದು ಹೇಳುತ್ತದೆ. ಆದರೆ ಒಬ್ಬ ಗಂಡ ಅಥವಾ ಒಬ್ಬ ಹೆಂಡತಿ ಸ್ನೇಹಿತ, ತಾಯಿ, ಗುರು, ಊರು ಎಲ್ಲವೂ ಆಗಬೇಕೆಂಬ ನಿರೀಕ್ಷೆಯನ್ನು ಆ ಬಡಪಾಯಿ ಹೇಗೆ ಹೊರಬೇಕು? ಕೊಲ್ಲಿಯಲ್ಲಿರುವ ಗಂಡನ ಫೋನಿಗಾಗಿ ಕಾಯುವ ಮನೆಗಳನ್ನು ಕೇಳಿ ನೋಡಿ, ವಿವಾಹಿತರ ಒಂಟಿತನವೇನೆಂದು ತಿಳಿಯುತ್ತದೆ.

ವಿವಾಹವಾಗದವರೂ ಪೂರ್ಣ ಮನುಷ್ಯರೇ. ನಾವು ಮದ್ರಸಾದಲ್ಲಿ ಓದಿದ ರಿಯಾಝುಸ್ಸಾಲಿಹೀನ್‌ನ ಕರ್ತೃ ಇಮಾಮ್ ನವವಿ ವಿವಾಹವಾಗಿರಲಿಲ್ಲ. ಇಬ್ನು ತೈಮಿಯ್ಯ ಕೂಡಾ ಆಗಿರಲಿಲ್ಲ. ಇಂತಹ ವಿದ್ವಾಂಸರ ಕುರಿತೇ ಸಿರಿಯಾದ ಅಬ್ದುಲ್ ಫತ್ತಾಹ್ ಅಬೂ ಗುದ್ದಾ ಒಂದು ಪುಸ್ತಕ ಬರೆದಿದ್ದಾರೆ. ವಿವಾಹ ಸುನ್ನತ್ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರನ್ನು ಅರ್ಧ ಮನುಷ್ಯರೆಂದು ಅಂದಿನ ದಮಾಸ್ಕಸ್ ದೂರವಿಡಲಿಲ್ಲ, ಅವರ ಸುತ್ತ ಶಿಷ್ಯರ ದಂಡೇ ನೆರೆದಿತ್ತು. ನಮ್ಮೂರಿನಲ್ಲಿ ಅವಿವಾಹಿತನಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ. ಅಣ್ಣನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಿರುವ ನಲ್ವತ್ತರ ಸಹೋದರಿ ಮದುವೆ ಮನೆಯಲ್ಲಿ ಯಾರ ಪಕ್ಕ ಕೂರುತ್ತಾಳೆ? ‘ಇನ್ನೂ ಆಗಲಿಲ್ಲವೇ’ ಎಂಬ ಪ್ರಶ್ನೆಗೆ ಹೆದರಿ ಆಕೆ ಹೋಗುವುದನ್ನೇ ಬಿಟ್ಟಿರುತ್ತಾಳೆ. ಬರುವ ಈದ್‌ನ ದಿನ ಮನೆಯ ದಸ್ತರ್‌ಖಾನ್ ಹಾಸುವಾಗ, ಅಂಥವರೊಬ್ಬರು ನಿಮ್ಮ ಬೀದಿಯಲ್ಲೇ ಇದ್ದಾರೆಯೇ ಎಂದು ನೋಡಿ, ಮಕ್ಕಳನ್ನು ಕಳುಹಿಸಿ ಕರೆಸಿರಿ. ಬಂದಾಗ ಮದುವೆಯ ವಿಷಯ ಎತ್ತಬೇಡಿರಿ.