ಹ್ಯಾಸ್ಕೆಲ್ ಪ್ರೋಗ್ರಾಮಿನ ವ್ಯಯಪರೀಕ್ಷೆ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಂದ ಉದ್ಯೋಗಾರ್ಥವಾಗಿ ಬೆಂಗಳೂರು ಸೇರಿರುವ ನಮ್ಮ ಮಕ್ಕಳಲ್ಲಿ ಅನೇಕರು ಆಟೋ ಕರೆಯಲು ಉಪಯೋಗಿಸುವ ‘ನಮ್ಮ ಯಾತ್ರಿ’ ಆಪ್ 2022ರಲ್ಲಿ ಆರಂಭವಾಯಿತು. ಚಾಲಕನನ್ನು ಹುಡುಕಿ ಸವಾರಿಯನ್ನು ಗೊತ್ತುಪಡಿಸುವ ಅದರ ಸರ್ವರ್ ಭಾಗವು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ರಚಿತವಾಗಿದೆಯೆಂಬುದೂ, ಬೆಂಗಳೂರಿನ ಜಸ್‌ಪೇ ಸಂಸ್ಥೆಯವರು ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದುವಂತೆ ತೆರೆದಿಟ್ಟರೆಂಬುದೂ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಈ ಭಾಷೆಯ ಬೇರುಗಳು ಇಂದಿನ ಕಂಪ್ಯೂಟರಿಗಿಂತ ಹಳೆಯವು. 1924ರಲ್ಲಿ ತರ್ಕಶಾಸ್ತ್ರಜ್ಞ ಷೋನ್‌ಫಿಂಕೆಲ್ ಪ್ರಕಟಿಸಿದ ಪ್ರಬಂಧವೊಂದರ ವಿಚಾರವನ್ನೇ ಸ್ವತಂತ್ರವಾಗಿ ಬೆಳೆಸಿದ ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿಯ ಹೆಸರನ್ನೇ ಭಾಷೆಗಿಟ್ಟರು. 1987ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಸೇರಿದ್ದ ವಿದ್ವಾಂಸರು, ಒಂದೇ ಜಾತಿಯ ಅನೇಕ ಭಾಷೆಗಳು ಚದರಿ ಬೆಳೆಯುತ್ತಿರುವುದನ್ನು ಕಂಡು, ಸರ್ವರಿಗೂ ಸಮಾನವಾದುದೊಂದನ್ನು ರೂಪಿಸಲು ಸಂಕಲ್ಪಿಸಿದರು; 1990ರ ಏಪ್ರಿಲ್ 1ರಂದು ಹೊರಬಂದ ಆ ಭಾಷೆಯ ಪ್ರಥಮ ವರದಿಯ ಕರ್ತೃಗಳಲ್ಲಿ ನಮ್ಮ ದೇಶದಿಂದ ಹೋದ ಅರವಿಂದ್ ಮತ್ತು ರಿಷಿಯೂರ್ ನಿಖಿಲ್ ಇದ್ದರೆಂಬುದು ಸಂತೋಷದ ವಿಷಯ.

ಉತ್ತರ ಬೇಕೆಂದು ಕೇಳುವ ತನಕ ಯಾವ ಲೆಕ್ಕವನ್ನೂ ಮಾಡದೆ ಮುಂದಕ್ಕಿಡುವುದು ಈ ಭಾಷೆಯ ಸ್ವಭಾವ. ಅನಂತವಾದ ಸಂಖ್ಯಾಮಾಲಿಕೆಯನ್ನೂ ನಿರಾತಂಕವಾಗಿ ಬರೆಯಬಹುದಾದುದು ಇದರ ಸೊಗಸು. ಮುಂದಕ್ಕಿಟ್ಟ ಲೆಕ್ಕಗಳು ಕಾಣದಂತೆ ಮೆಮೊರಿಯಲ್ಲಿ ಕೂಡಿಕೊಳ್ಳುವುದು ಇದರ ತೊಡಕು. ಒಂದರಿಂದ ಹತ್ತು ಲಕ್ಷದವರೆಗಿನ ಸಂಖ್ಯೆಗಳನ್ನು ‘ಫೋಲ್ಡ್ ಎಲ್’ ಎಂಬ ಫಂಕ್ಷನ್ನಿನಿಂದ ಕೂಡಿಸಹೊರಟು, ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡಿದರೆ, ಯಂತ್ರವು ಒಂದಕ್ಕೆ ಎರಡು ಸೇರಿಸಿ ಮೂರೆಂದು ಬರೆದುಕೊಳ್ಳದೆ, ‘ಒಂದು ಕೂಡಿಸು ಎರಡು ಕೂಡಿಸು ಮೂರು’ ಎಂದು ಹತ್ತು ಲಕ್ಷದ ತನಕ ಬಾಕಿ ಹೊತ್ತುಕೊಂಡೇ ಹೋಗಿ, ಕಟ್ಟಕಡೆಗೆ ಎಲ್ಲವನ್ನೂ ಒಮ್ಮೆಗೇ ತೀರಿಸತೊಡಗುತ್ತದೆ.

ಈ ಗುಪ್ತವ್ಯಯವನ್ನು ಬಯಲಿಗೆಳೆದವರನ್ನು ನಾನು ಭಾಷೆಯ ನಿರ್ಮಾತೃಗಳಷ್ಟೇ ಗೌರವದಿಂದ ನೆನೆಯುತ್ತೇನೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಕಾಲಿನ್ ರನ್ಸಿಮನ್ ಮತ್ತು ಡೇವಿಡ್ ವೇಕ್‌ಲಿಂಗ್, ಮೆಮೊರಿಯ ಏರಿಳಿತವನ್ನು ನಕ್ಷೆಯಾಗಿ ತೋರಿಸುವ ಹೀಪ್ ಪ್ರೊಫೈಲಿಂಗ್ ವಿಧಾನವನ್ನು 1993ರಲ್ಲಿ ಪ್ರಕಟಿಸಿದರು. ಗ್ಲಾಸ್ಗೋದ ಪ್ಯಾಟ್ರಿಕ್ ಸ್ಯಾನ್ಸಮ್ ಮತ್ತು ಸೈಮನ್ ಪೇಟನ್ ಜೋನ್ಸ್ 1995ರಲ್ಲಿ, ಪ್ರೋಗ್ರಾಮಿನ ಒಂದೊಂದು ಭಾಗವನ್ನೂ ಒಂದೊಂದು ‘ಕಾಸ್ಟ್ ಸೆಂಟರ್’ ಆಗಿ ಗುರುತಿಸಿ, ಕಾಲವನ್ನೂ ಮೆಮೊರಿಯನ್ನೂ ಅದರದರ ಹೆಸರಿಗೇ ಖರ್ಚು ಹಾಕುವ ಕ್ರಮವನ್ನು ಶಾಸ್ತ್ರಬದ್ಧವಾಗಿ ವಿವರಿಸಿದರು. ಕೊನೆ ತೆಗೆದ ಕೂಲಿ, ಅಡಿಕೆ ಸುಲಿದ ಕೂಲಿ, ಬೇಯಿಸಿದ ಸೌದೆ ಇವನ್ನು ಒಂದೇ ಮೊತ್ತವಾಗಿಸದೆ ಬೇರೆ ಬೇರೆ ಬಾಬುಗಳಲ್ಲಿ ಬರೆದಿಡುವ ತೋಟದ ಯಜಮಾನರಿಗೆ ಈ ಕ್ರಮವು ಅಪರಿಚಿತವೆನಿಸದು.

ಸೋರ್ಸ್ ಕೋಡಿನಿಂದ ಪ್ರೋಗ್ರಾಮನ್ನು ಕಟ್ಟುವ ಜಿಎಚ್‌ಸಿ ಕಂಪೈಲರ್ ಸಹ ಗ್ಲಾಸ್ಗೋದಲ್ಲಿಯೇ ಹುಟ್ಟಿತು. ಮೊದಲ ಮಾದರಿಯನ್ನು ಲೇಜಿ ಎಂಎಲ್ ಎಂಬ ಭಾಷೆಯಲ್ಲಿ ರಚಿಸಿ, ಅನಂತರ ಹ್ಯಾಸ್ಕೆಲ್‌ನಲ್ಲಿಯೇ ಬರೆದುದರಿಂದ, ಈಗ ಹೊಸ ಜಿಎಚ್‌ಸಿಯನ್ನು ಕಟ್ಟಲು ಹಳೆಯ ಜಿಎಚ್‌ಸಿ ಬೇಕು. ಶೃಂಗೇರಿಯ ಶಾಸ್ತ್ರವಿದ್ಯಾರ್ಥಿಗಳು ಬಲ್ಲ ಬೀಜಾಂಕುರನ್ಯಾಯವಿದು. ‘ನಮ್ಮ ಯಾತ್ರಿ’ಯಂತಹ ದೊಡ್ಡ ಪ್ರೋಗ್ರಾಮಿಗೆ ನೂರಾರು ಲೈಬ್ರರಿಗಳು ಬೇಕಾಗುವುದರಿಂದ, ಅವುಗಳ ನಿಖರವಾದ ಆವೃತ್ತಿಗಳನ್ನೇ ಒದಗಿಸುವ ನಿಕ್ಸ್ ಎಂಬ ಸಾಧನವನ್ನು ಅಲ್ಲಿ ಬಳಸಿದ್ದಾರೆ. ಪ್ರೊಫೈಲಿಂಗ್ ಬೇಕೆಂದರೆ ಆ ಲೈಬ್ರರಿಗಳೆಲ್ಲವೂ ಪ್ರೊಫೈಲಿಂಗ್ ಸಹಿತವಾಗಿ ಕಟ್ಟಲ್ಪಟ್ಟಿರಬೇಕು. ಇದಕ್ಕೆ ಮೆಮೊರಿಯೂ ತಾಳ್ಮೆಯೂ ಧಾರಾಳವಾಗಿರಬೇಕು. ಮತ್ತೊಂದು ಎಚ್ಚರವೂ ಅಗತ್ಯ: ಎಲ್ಲೆಂದರಲ್ಲಿ ಕಾಸ್ಟ್ ಸೆಂಟರ್ ಇಟ್ಟರೆ ಕಂಪೈಲರ್ ಮಾಡಬಹುದಾಗಿದ್ದ ಸುಧಾರಣೆಗಳು ತಪ್ಪಿ, ಅಳತೆಯೇ ಅಳೆಯಬೇಕಾದುದನ್ನು ಬದಲಿಸಿಬಿಡುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ದೊಡ್ಡದಕ್ಕೆ ಕೈಹಾಕುವ ಮುನ್ನ, ನಾನು ಹೇಳಿದ ಹತ್ತು ಲಕ್ಷದ ಸಂಕಲನವನ್ನು ಪ್ರೊಫೈಲಿಂಗ್ ಸಹಿತ ಕಟ್ಟಿ ಓಡಿಸಿ, ಹೀಪಿನ ನಕ್ಷೆ ಏರುವುದನ್ನು ಕಣ್ಣಾರೆ ನೋಡಿ. ಬಳಿಕ ಲೆಕ್ಕವನ್ನು ಆಗಿಂದಾಗಲೇ ತೀರಿಸುವ ‘ಫೋಲ್ಡ್ ಎಲ್ ಪ್ರೈಮ್’ ಹಾಕಿ ಎರಡು ನಕ್ಷೆಗಳನ್ನೂ ಹೋಲಿಸಿ. ಅದು ಮನಸ್ಸಿಗೆ ಹತ್ತಿದ ಮೇಲೆ ‘ನಮ್ಮ ಯಾತ್ರಿ’ಯ ಸೋರ್ಸ್ ಕೋಡನ್ನು ತೆರೆಯಿರಿ.