ಮದುವೆ ಎಲ್ಲಿ ಮಾಡೋಣ?

(ಕುಶಾಲನಗರದಲ್ಲಿ ಕಾಫಿ ಕ್ಯೂರಿಂಗ್ ಮತ್ತು ಅಕ್ಕಿ ಗಿರಣಿ ಕೆಲಸಗಾರರು, ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸಿನ ಮಾತು ಬಿಟ್ಟು ಇವರು ಮದುವೆಯ ಮಾತು ಎತ್ತಿದರಲ್ಲ ಎಂದು ಕೆಲವರು ನಗುತ್ತಿದ್ದೀರಿ. ನಗಿರಿ. ಆದರೆ ನಿಮ್ಮಲ್ಲಿ ಎಷ್ಟು ಜನರ ಬೋನಸ್ಸು ಮನೆ ಮುಟ್ಟುವ ಮೊದಲೇ ಮದುವೆ ಸಾಲದ ಬಡ್ಡಿಗೆ ಹೋಗುತ್ತದೆ ಎಂಬುದು ನಮಗೆ ಗೊತ್ತು. ಇದೂ ಕೂಲಿಯ ಮಾತೇ.

ನಮ್ಮ ಕೊಡಗಿಗೆ ಈಗ ಮದುವೆ ಮಾಡಿಕೊಳ್ಳಲಿಕ್ಕೆಂದೇ ಹೊರಗಿನವರು ಬರುತ್ತಾರೆ. ಗಂಡು ಬೆಂಗಳೂರು, ಹೆಣ್ಣು ಮುಂಬಯಿ, ಧಾರೆ ಮಾತ್ರ ನಮ್ಮ ಕಾಫಿ ತೋಟದ ರೆಸಾರ್ಟಿನಲ್ಲಿ. ಅದಕ್ಕೆ ಡೆಸ್ಟಿನೇಶನ್ ವೆಡ್ಡಿಂಗ್ ಎಂದು ಹೆಸರು. 2023ರ ನವೆಂಬರಿನಲ್ಲಿ ಪ್ರಧಾನಿಯವರೇ ರೇಡಿಯೋದಲ್ಲಿ, ಸಿರಿವಂತರು ಮದುವೆಗೆ ವಿದೇಶಕ್ಕೆ ಹೋಗುವುದೇಕೆ, ದೇಶದಲ್ಲೇ ಮಾಡಿ ಎಂದರು. ಉಳ್ಳವರು ಮಾಡಿಕೊಳ್ಳಲಿ, ಶಾಮಿಯಾನ ಕಟ್ಟಲು, ಪಾತ್ರೆ ತೊಳೆಯಲು ನಮ್ಮವರಿಗೂ ನಾಲ್ಕು ದಿನ ಕೆಲಸ ಸಿಗುತ್ತದೆ. ಆದರೆ ಆ ಚಿತ್ರಗಳನ್ನು ನೋಡಿ ನಮ್ಮ ಮಕ್ಕಳೂ ಹಾಗೆಯೇ ಬೇಕೆನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ.

ನಾವೂ ಹಾಗೆ ತಲೆಯಾಡಿಸಿದವರೇ. ಗಂಡಿನ ಕಡೆಯವರ ಮಾತಿಗೆ ತಂಗಿಯ ಮದುವೆಯನ್ನು ಮೈಸೂರಿನ ದೊಡ್ಡ ಛತ್ರದಲ್ಲಿ ಇಟ್ಟುಕೊಂಡೆವು. ನಮ್ಮ ಜಿಲ್ಲೆಗೆ ರೈಲಿಲ್ಲ, ಬಸ್ಸು ಗೊತ್ತುಮಾಡಿದೆವು. ಹತ್ತಿದವರು ಮೂವತ್ತು ಮಂದಿ. ಉಳಿದವರಿಗೆ ಎರಡು ದಿನದ ಕೂಲಿ ಬಿಡಲಾಗಲಿಲ್ಲ. ತಂಗಿಯನ್ನು ಎತ್ತಿ ಆಡಿಸಿದ ಪಕ್ಕದ ಮನೆಯ ಅಜ್ಜಿ, "ಅಷ್ಟು ದೂರ ಕೂರಲಾರೆ ಮಗಾ" ಎಂದು ಬಾಗಿಲಲ್ಲೇ ನಿಂತರು. ಛತ್ರದಲ್ಲಿ ತಲೆಗಿಷ್ಟು ಎಂದು ಲೆಕ್ಕ. ಬಾರದವರ ತಲೆಗೂ ದುಡ್ಡು ಕೊಟ್ಟೆವು. ಆ ಸಾಲ ತೀರಲು ಆರು ವರ್ಷ ಹಿಡಿಯಿತು.

ಕೊಡವರ ಮದುವೆ ಹಿಂದೆ ಐನ್‌ಮನೆಯಲ್ಲಿ, ಮನೆಯಂಗಳದಲ್ಲಿ ನಡೆಯುತ್ತಿತ್ತು. ಪುರೋಹಿತರಿಲ್ಲ, ಹಿರಿಯರು ಅಕ್ಕಿ ಹಾಕಿ ಹರಸಿದರೆ ಆಯಿತು. ಕಕ್ಕಡ ತಿಂಗಳಲ್ಲಿ, ಮಳೆಯೂ ನಾಟಿಯೂ ಒಟ್ಟಿಗೆ ಬಂದಾಗ, ಮದುವೆಯೇ ಇಲ್ಲ. ನೆಂಟರು ಊರೂರಿಗೆ ಚದುರಿ, ಅಂಗಳ ಸಾಲದಾದಾಗ ಮದುವೆ ಕೊಡವ ಸಮಾಜದ ಕಟ್ಟಡಗಳಿಗೆ ಬಂತು. ಬರುವ ಜನರನ್ನು ನೋಡಿ ಜಾಗ ಹುಡುಕಿದರೇ ಹೊರತು ಜಾಗ ನೋಡಿ ಜನರನ್ನು ಬಿಡಲಿಲ್ಲ.

ಮಳೆಗಾಲದಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಗುಡ್ಡ ಕಡಿದು ಸಮಮಾಡಿದ ಜಾಗವನ್ನು ಹಿಡಿಯುವವರಿಗೆ ಒಂದು ಮಾತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿ ಮನೆ, ರಸ್ತೆ ಕೊಚ್ಚಿಹೋದುದನ್ನು ನಾವೆಲ್ಲ ಕಂಡವರು. ಆ ದಿನಗಳಲ್ಲೇ ಪರಿಹಾರ ಶಿಬಿರ ಸೇರಿದ್ದ ಹುಡುಗಿಯೊಬ್ಬಳ ಮದುವೆಯನ್ನು ಜನರು ನಿಂತು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದಲ್ಲಿ ನಡೆಸಿಕೊಟ್ಟರು. ಅದು ಕಡಿಮೆಯ ಮದುವೆ ಎಂದು ಯಾರಾದರೂ ಹೇಳಿಯಾರೇ? 1966ರಲ್ಲಿ ಕುವೆಂಪು ಅವರ ಮಗ ತೇಜಸ್ವಿ ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ಮದುವೆಯಾದದ್ದು ಮೂಡಿಗೆರೆ ಸೀಮೆಯ ತಮ್ಮ ತೋಟದಲ್ಲೇ. ಅದೂ ಕಾಫಿ ತೋಟದ ಮದುವೆಯೇ, ಬಾಡಿಗೆಯದಲ್ಲ ಅಷ್ಟೆ!

ಜಾಗ ನೋಡಲು ಹೋಗುವಾಗ ಕ್ಯಾಮೆರಾದ ಹುಡುಗನನ್ನು ಬಿಟ್ಟು ಮನೆಯ ಅಜ್ಜಿಯನ್ನು ಕರೆದುಕೊಂಡು ಹೋಗಿ. ಬಸ್ಸಿಳಿದು ಅವರು ನಡೆದು ತಲುಪುತ್ತಾರೋ, ಊಟ ಮಾಡಿ ಸಂಜೆಯ ಬಸ್ಸಿಗೆ ಮರಳುತ್ತಾರೋ ನೋಡಿ. ಅಕ್ಕಿ, ಬೇಳೆ ನಮ್ಮ ಅಂಗಡಿಯಿಂದ ತರಬಹುದೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಇಲ್ಲಿ ಕುಳಿತ ವ್ಯಾಪಾರಿ ಮಿತ್ರರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಇನ್ನು 1954ರ ವಿಶೇಷ ವಿವಾಹ ಕಾಯಿದೆ. ಮೂವರು ಸಾಕ್ಷಿಗಳು ಸಾಕು. ಕಚೇರಿಯಲ್ಲೇ ಆಗಬೇಕೆಂದಿಲ್ಲ, ಹೆಚ್ಚುವರಿ ಶುಲ್ಕ ಕಟ್ಟಿದರೆ, ಹೆಚ್ಚು ದೂರವಲ್ಲದ ಕಡೆ, ನೀವು ಹೇಳಿದ ಜಾಗದಲ್ಲೇ ಅಧಿಕಾರಿಯ ಎದುರು ಮದುವೆಯಾಗಬಹುದು. ಆದರೆ 30 ದಿನ ಮೊದಲು ನೋಟೀಸು ಕೊಟ್ಟಿರಬೇಕು. ಬರುವ ತಿಂಗಳು ದಿನ ಗೊತ್ತುಮಾಡಿದ ಇಬ್ಬರು ಇಲ್ಲಿದ್ದೀರಿ. ಸಭೆ ಮುಗಿದ ಮೇಲೆ ನಿಲ್ಲಿ, ಅರ್ಜಿಯನ್ನು ನಾವೇ ಬರೆದುಕೊಡುತ್ತೇವೆ.